ಹಸಿರು ಗುರುತಿನ ಡಬ್ಬಿ

ಬೋಗಣಿಯೊಳಗೆ ಸಾರು ಎದ್ದು ನಿಂತಿತ್ತು.

ನಾನು ಜರ್ಮನಿಗೆ ಬಂದಿಳಿದ ದಿನದ ಮಾತು. ಸಂಜೆ ನಾಲ್ಕೂವರೆಗೇ ಹೊರಗೆ ಕತ್ತಲು. ನನ್ನ ಯಜಮಾನರು ತಗಡಿನ ಡಬ್ಬಿಯೊಂದರ ನೆತ್ತಿಯ ಉಂಗುರ ಹಿಡಿದು ಮುಚ್ಚಳ ಕಿತ್ತರು. ಬೋಗಣಿಯ ಮೇಲೆ ಬೋರಲು ಹಾಕಿ ತಳಕ್ಕೆ ಎರಡು ಏಟು ಕೊಟ್ಟರು. ಒಳಗಿದ್ದದ್ದು ಸುರಿಯಲಿಲ್ಲ, ಜಾರಿತು. ಜಾರಿ, ಡಬ್ಬಿಯ ಆಕಾರದಲ್ಲೇ, ಡಬ್ಬಿಯ ಮೈಯ ಬಳೆಗಳನ್ನೂ ಮೈಮೇಲೆ ಮೂಡಿಸಿಕೊಂಡು, ಒಂದಿಷ್ಟು ನಡುಗಿ ನಿಂತಿತು.

"ಇದೇನ್ರಿ ಇದು, ಸಾರು ನಿಂತದ?"

"ಬ್ಯಾಳಿ ಸಾರೇ. ಜರಾ ಬಿಸಿ ಆಗ್ಲಿ ತಡಿ, ತಾನೇ ಕೂಡ್ತದ."

ಕೂತಿತು. ನಾಲ್ಕು ನಿಮಿಷದಲ್ಲಿ ಕರಗಿ, ಗುಳುಗುಳು ಕುದ್ದು, ಒಳ್ಳೆಯ ಬಣ್ಣಕ್ಕೆ ಬಂತು. ಹೈದರಾಬಾದಿನಿಂದ ಎರಡು ವಿಮಾನ ಹತ್ತಿ ಇಳಿದವಳು ನಾನು, ಹೊಟ್ಟೆ ಬೆನ್ನಿಗೆ ಹತ್ತಿತ್ತು. ಕೈಕಾಲು ತೊಳೆದು, ವಿಭೂತಿ ಧರಿಸಿ, ಕೊರಳಲ್ಲಿರುವ ಲಿಂಗಕ್ಕೆ ತೋರಿಸಿ ಉಂಡೆ. ಪರದೇಶದಲ್ಲಿ ಮೊದಲ ದಿನವೇ ಬಿಸಿಯಾದದ್ದು ಹೊಟ್ಟೆಗೆ ಬಿತ್ತಲ್ಲ, ಅದು ಶಿವನ ದಯೆ ಎಂದುಕೊಂಡೆ.

ಈಗ ಇದನ್ನು ಬರೆಯಲು ಕಾರಣವಿದೆ. ಬೀದರದ ದೊಡ್ಡ ಅಂಗಡಿಗಳಲ್ಲೂ ಸೂಪಿನ ಡಬ್ಬಿ, ಪಾಕೀಟು ಬರತೊಡಗಿವೆಯಂತೆ. ಅಲ್ಲಿಯ ಮೈಲೂರು ಬಡಾವಣೆಯ ನಮ್ಮ ಓಣಿಯ ಹೆಣ್ಣುಮಕ್ಕಳು ಫೋನು ಹಚ್ಚಿ ಕೇಳುತ್ತಾರೆ: "ನೀ ಅಲ್ಲಿ ಅದೇ ಕುಡೀತಿದ್ದಿ ಅಂತಲ್ಲ, ಹ್ಯಾಂಗಿರ್ತದ? ತಗೋಬೇಕೋ, ಮನ್ಯಾಗ ಮಾಡೋದೇ ಛಲೋನೋ?" ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ನನ್ನ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಒಂದು ಮನೆಯ ಅನ್ನ ಹೋಯಿತು.

ನಾವು ಹೇಗೆ ಇಲ್ಲಿಗೆ ಬಂದೆವು ಎಂಬುದನ್ನು ಮೊದಲು ಹೇಳುತ್ತೇನೆ. ಇವರು ಬೀದರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಗಂಡಸು ನರ್ಸ್ ಎಂದು ನಕ್ಕವರೇ ರಾತ್ರಿ ಹೊಟ್ಟೆನೋವು ಬಂದರೆ ಇವರ ಬಾಗಿಲು ಬಡಿಯುತ್ತಿದ್ದರು. ನಲವತ್ತು ದಾಟಿದ ಮೇಲೆ ಜರ್ಮನ್ ಭಾಷೆ ಕಲಿತು, ಪರೀಕ್ಷೆ ಬರೆದು, ಇಲ್ಲಿನ ಒಂದು ವೃದ್ಧಾಶ್ರಮಕ್ಕೆ ಕೆಲಸಕ್ಕೆ ಬಂದರು. ಹದಿನೈದು ತಿಂಗಳ ಮೇಲೆ ನಾನು ಬಂದೆ. ನಮಗೆ ಮಕ್ಕಳಿಲ್ಲ. ಆ ವಿಷಯದಲ್ಲಿ ದೇವರ ಹತ್ತಿರ ಆಡಬೇಕಾದ ಮಾತನ್ನೆಲ್ಲ ಆಡಿ ಮುಗಿಸಿದ್ದೇನೆ. ಮೈಲೂರಿನ ಮನೆಯಲ್ಲಿ ಅತ್ತೆ, ಭಾವ, ಭಾವನ ಹೆಂಡತಿ ಮಹಾನಂದಕ್ಕ, ಅವರ ಮಗಳು ಪೂಜಾ. ನಾನು ಹೊರಟ ದಿನ ಮಹಾನಂದಕ್ಕ ಉಡಿ ತುಂಬುತ್ತ ಅಂದಿದ್ದಳು, "ಮೈದ್ನ ಅಲ್ಲಿ ಯಾರ್ಯಾರ ಅವ್ವಗೋಳಿಗೋ ಚಮಚಾಲೆ ಉಣಿಸ್ತಾನಂತ. ಇಲ್ಲಿ ಅವನ ಅವ್ವಗ ಉಣಿಸ್ಲಿಕ್ಕ ನಾ ಇದ್ದೇನಲ್ಲ, ಚಿಂತಿ ಮಾಡಬ್ಯಾಡ್ರಿ." ನಕ್ಕೇ ಅಂದಳು. ಅದರ ಮುಳ್ಳು ವಿಮಾನದಲ್ಲೂ ಚುಚ್ಚುತ್ತಿತ್ತು.

ಇಲ್ಲಿನ ಮನೆ ಮೂರನೆಯ ಅಂತಸ್ತಿನಲ್ಲಿ, ಎರಡು ಕೋಣೆ. ನಮ್ಮಲ್ಲಿ ಬಾಗಿಲು ಹಗಲೆಲ್ಲ ತೆರೆದಿರುತ್ತದೆ, ಯಾರಾದರೂ ಹಣಿಕಿ ಹಾಕಿ "ಏನ್ ಮಾಡ್ಲಿಕತ್ತೀರಿ" ಅನ್ನುತ್ತಾರೆ. ಇಲ್ಲಿ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಕೀಲಿ ಒಳಗೆ ಉಳಿದರೆ ನೀವು ಹೊರಗೆ ಉಳಿದಿರಿ. ಕಸಕ್ಕೆ ನಾಲ್ಕು ಬಣ್ಣದ ಡಬ್ಬಗಳು. ರವಿವಾರ ಅಂಗಡಿ ಬಂದ್, ಸದ್ದು ಬಂದ್. ಮೊದಲ ವಾರವೇ ನಾನು ತೊಗರಿಬೇಳೆ ಕುದಿಸಿ, ಎಣ್ಣೆ ಕಾಸಿ, ಸಾಸಿವೆ, ಒಣ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಟ್ಟೆ. ಮನೆಯ ಚಾವಣಿಗೆ ಬಿಳಿ ಬಟ್ಟಲಿನಂಥದ್ದೊಂದು ಅಂಟಿಸಿರುತ್ತಾರೆ. ಹೊಗೆ ತಾಗಿದರೆ ಕೂಗುವ ಯಂತ್ರ. ಅದು ಕೂಗಿದ ಕೂಗಿಗೆ ಮೂರೂ ಅಂತಸ್ತಿನ ಬಾಗಿಲು ತೆರೆದವು. ಕೆಳಗಿನ ಮನೆಯ ಮುದುಕಿ ಫ್ರೌ ಕ್ರೂಗರ್ ಒದ್ದೆ ಟವೆಲು ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದು, ಕುರ್ಚಿಯ ಪಕ್ಕ ನಿಂತು ಚಾವಣಿಗೆ ಗಾಳಿ ಬೀಸಿದಳು. ಫ್ರೌ ಅಂದರೆ ನಮ್ಮಲ್ಲಿ ಬಾಯಿಯವರು ಅಂದಂತೆ, ಹೆಸರಿಗಿಂತ ಮೊದಲು ಹಚ್ಚುವ ಮರ್ಯಾದೆ. ಆಕೆ ಬೋಗಣಿ ಕಡೆ ಬೆರಳು ಮಾಡಿ ಏನೋ ಕೇಳಿದಳು. ನನಗೆ ತಿಳಿಯಲಿಲ್ಲ. ನಾನು ಕೈಮುಗಿದೆ. ಆಕೆ ತಲೆ ಅಲ್ಲಾಡಿಸಿ ಇಳಿದು ಹೋದಳು.

ಅವತ್ತಿನಿಂದ ನನಗೆ ಒಗ್ಗರಣೆ ಎಂದರೆ ಎದೆ ಡವಡವ. ಇವರದು ಪಾಳಿ ಕೆಲಸ, ಬೆಳಗಿನ ಐದಕ್ಕೆ ಹೋದರೆ ಹೋದರು. ನಾನೊಬ್ಬಳೇ. ಆಗ ಹಿಡಿದದ್ದು ಡಬ್ಬಿಯ ಹಾದಿ.

ಡಬ್ಬಿ ಕೆಟ್ಟದ್ದು ಎಂದು ನಾನು ಸುಮ್ಮನೆ ಬೈಯುವುದಿಲ್ಲ. ಮನೆಯ ಸಾರಿಗೆ ಅರ್ಧ ತಾಸು, ಡಬ್ಬಿಗೆ ನಾಲ್ಕು ನಿಮಿಷ. ಉಳಿದ ಇಪ್ಪತ್ತಾರು ನಿಮಿಷ ನಾನು ಕಿಟಕಿಯಲ್ಲಿ ಕೂತು, ಬೀದಿಯಲ್ಲಿ ನಾಯಿ ಹಿಡಿದು ಹೋಗುವವರನ್ನು ನೋಡಿ ಕಳೆಯುತ್ತಿದ್ದೆ. ಉಪ್ಪು ತುಸು ಹೆಚ್ಚು. ಖಾರ ಎಂಬುದು ಇಲ್ಲವೇ ಇಲ್ಲ. ಆದರೆ ನುಣ್ಣಗೆ ರುಬ್ಬಿದ ಬೇಳೆ, ಅದರಲ್ಲಿ ಒಂದು ಹೊಗೆಯ ವಾಸನೆ. ಸುಟ್ಟ ಒಣಕೊಬ್ಬರಿಯ ವಾಸನೆಗೆ ಹತ್ತಿರದ್ದು. ಸಣ್ಣವಳಿದ್ದಾಗ ಭಾಲ್ಕಿಯ ನಮ್ಮ ಮನೆಯಲ್ಲಿ ಕಟ್ಟಿಗೆ ಒಲೆ ಇತ್ತು. ಆ ಒಲೆಯ ಸಾರಿಗೆ ಇದೇ ವಾಸನೆ ಇರುತ್ತಿತ್ತು ಎಂದು ಕಣ್ಣು ಮುಚ್ಚಿ ಕುಡಿಯುತ್ತಿದ್ದೆ. ಬೇಳೆಗೆ ಇಲ್ಲಿ ಲಿನ್ಸನ್ ಅನ್ನುತ್ತಾರೆ, ನಮ್ಮ ಚನ್ನಂಗಿಯ ಜಾತಿ. ನಾನು ಮೊದಲು ಕಲಿತ ಜರ್ಮನ್ ಶಬ್ದ ಅದೇ. ಎರಡನೆಯದು ಸೂಪಿನ ಹೆಸರು. ಅತ್ತೆಗೆ ಫೋನಿನಲ್ಲಿ ಹೇಳಿದೆ.

"ಅಲ್ಲಿ ಸಾರಿಗಿ ಏನಂತಾರವ್ವಾ?"

"ಝುಪ್ಪೆ ಅಂತಾರ್ರಿ ಅತ್ತಿ."

"ಸಪ್ಪಿ?"

"ಝುಪ್ಪೆರಿ, ಝುಪ್ಪೆ."

"ಸಪ್ಪಿ ಅಂತ ಅವರೇ ಬಾಯಿಬಿಟ್ಟು ಹೇಳ್ತಾರ, ಮತ್ತ್ಯಾಕ ಉಣ್ತಿ?"

ಇಬ್ಬರೂ ನಕ್ಕೆವು. ಹದಿನೆಂಟು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವರು ನಾವು. ಅತ್ತೆ ನನ್ನ ಕೈಯಡುಗೆಯನ್ನು ಏನು, ಎಂತು ಎಂದು ಒಮ್ಮೆಯೂ ಕೇಳಿದವಳಲ್ಲ. ತಟ್ಟೆ ಮುಂದಿಟ್ಟರೆ ಲಿಂಗಕ್ಕೆ ತೋರಿಸಿ ಬಾಯಿಗಿಡುತ್ತಿದ್ದಳು.

ಇನ್ನು ಆ ಗುರುತಿನ ಮಾತು. ನಮ್ಮ ದೇಶದಲ್ಲಿ ತಿನ್ನುವ ಯಾವ ಪಾಕೀಟು ಕೊಂಡರೂ ಚೌಕದೊಳಗೆ ಹಸಿರು ಚುಕ್ಕಿ ಇದ್ದರೆ ಶಾಕಾಹಾರ, ಇಲ್ಲದಿದ್ದರೆ ಅಲ್ಲ. ಓದು ಬಾರದ ಅತ್ತೆಗೂ ಅದು ಗೊತ್ತು. ಬಿಸ್ಕೀಟಿನ ಪುಡಿಕೆ ತಿರುಗಿಸಿ ಚುಕ್ಕಿ ನೋಡಿಯೇ ಬಿಚ್ಚುತ್ತಾಳೆ. ಇಲ್ಲಿಗೆ ಬಂದು ಮೂರನೆಯ ದಿನವೋ ನಾಲ್ಕನೆಯ ದಿನವೋ, ಆ ಡಬ್ಬಿಯ ಬೆನ್ನಲ್ಲಿ ಹಸಿರು ದುಂಡು ಗುರುತು ನನ್ನ ಕಣ್ಣಿಗೆ ಬಿತ್ತು. ಚೌಕ ಇರಲಿಲ್ಲ. ದುಂಡಿನೊಳಗೆ ಎರಡು ಬಾಣ ಒಂದಕ್ಕೊಂದು ಸುತ್ತಿಕೊಂಡಿದ್ದವು. ದೇಶಕ್ಕೊಂದು ಆಕಾರ ಇರುತ್ತದೆ ಎಂದುಕೊಂಡೆ. ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಅಕ್ಷರಗಳ ನಡುವೆ ಗೊತ್ತಿದ್ದ ಹಸಿರು. ಇಲ್ಲಿಯ ಜನ ನಮ್ಮಂಥವರನ್ನೂ ನೆನೆದಿದ್ದಾರಲ್ಲ ಎಂದು ಕಣ್ಣಲ್ಲಿ ನೀರು ಬಂತು. ಡಬ್ಬಿಗೆ ಕೈಮುಗಿದೆ ಎಂದರೆ ನಗಬೇಡಿ, ಮುಗಿದೆ.

ಏಳು ತಿಂಗಳು ಅದನ್ನೇ ನಂಬಿದೆ.

ಜೂನ್ ತಿಂಗಳಲ್ಲಿ ನಾನೊಬ್ಬಳೇ ಊರಿಗೆ ಹೊರಟೆ. ಅತ್ತೆಗೆ ಲಕ್ವಾ ಸಣ್ಣಗೆ ಹೊಡೆದು ಹೋಗಿತ್ತು. ಕೈಕಾಲು ಉಳಿದವು, ಅದು ದೊಡ್ಡ ದಯೆ. ಆದರೆ ನುಂಗುವುದು ಕಷ್ಟವಾಯಿತು. ನೀರುನೀರಾದದ್ದು ಕುಡಿದರೆ ನೆತ್ತಿಗೇರಿ ಕೆಮ್ಮು, ಗಟ್ಟಿಯಾದದ್ದು ಇಳಿಯದು. ನುಣ್ಣಗೆ ಇರಬೇಕು, ಮಂದವಾಗಿ ಇರಬೇಕು. ಇವರ ವೃದ್ಧಾಶ್ರಮದಲ್ಲಿ ಅಂಥವರಿಗೆ ಇಂಥ ಸೂಪನ್ನೇ ಕೊಡುತ್ತಾರೆ. ಮಹಾನಂದಕ್ಕ ದಿನಕ್ಕೆ ಮೂರು ಬಾರಿ ಬೇಳೆ ಬೇಯಿಸಿ, ಮಿಕ್ಸಿಗೆ ಹಾಕಿ, ಸೋಸಿ ಕೊಟ್ಟು ಸಣ್ಣಗಾಗಿದ್ದಳು. ನನ್ನ ಮನಸ್ಸಿಗೆ ಬಂದದ್ದು ಆ ಡಬ್ಬಿ. ಹದಿಮೂರು ಡಬ್ಬಿಗಳನ್ನು ಸೀರೆಗಳಲ್ಲಿ ಸುತ್ತಿ ಪೆಟ್ಟಿಗೆ ತುಂಬಿದೆ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದ್ಯಾಕ ಹೊರ್ತಿ? ಅಲ್ಲಿ ಬ್ಯಾಳಿ ಸಿಗಂಗಿಲ್ಲೇನು?"

"ಅಕ್ಕಗ ಜರಾ ಆರಾಮ ಆಗ್ತದ್ರಿ. ಅತ್ತಿಗಿ ನುಂಗ್ಲಿಕ್ಕೂ ಬರೋಬರ್ ಅದ."

ಅವರು ಇನ್ನೇನೋ ಹೇಳುವವರಂತೆ ಬಾಯಿ ತೆರೆದರು. ಹೇಳಲಿಲ್ಲ. ಪೆಟ್ಟಿಗೆಯ ತೂಕ ನೋಡಿ ಕೆಳಗಿಳಿಸಲು ಹೋದರು. ಆ ತೆರೆದ ಬಾಯಿ ನನಗೆ ಈಗಲೂ ಕಾಣುತ್ತದೆ.

ಮೈಲೂರಿನಲ್ಲಿ ಡಬ್ಬಿಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಾಗ ಮಹಾನಂದಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಸೊಸಿ ಮನಿಗಿ ಬರೋವಾಗ ಒಣ ಸಾಮಾನ ತರ್ತಾಳ. ನೀ ಕುದಿಸಿದ್ದ ಸಾರೇ ತಂದಿಯಲ್ಲ ಸುವರ್ಣಾ."

"ನಿಮಗ ಆರಾಮ ಆಗ್ಲಿ ಅಂತ ತಂದೇನ್ರಿ ಅಕ್ಕಾ."

"ನಂಗ ಆರಾಮ ಮಾಡ್ಲಿಕ್ಕ ಜರ್ಮನಿ ತನಕ ಹೋಗ್ಬೇಕಾಯ್ತು ನೋಡು."

ಆದರೂ ಡಬ್ಬಿ ಬಿಚ್ಚಿ ಬಿಸಿ ಮಾಡಿದಾಗ ಅವಳೂ ಬಗ್ಗಿ ಮೂಸಿದಳು. ಅತ್ತೆ ಡಬ್ಬಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಹಸಿರು ಹುಡುಕಿದಳು. ಸಿಕ್ಕಿತು. "ಇಲ್ಲೇ ಅದನಲ್ಲ," ಅಂದಳು. ಲಿಂಗಕ್ಕೆ ತೋರಿಸಿ, ನನ್ನ ಕೈಯ ಚಮಚದಿಂದ ಒಂದು ಗುಟುಕು ತೆಗೆದುಕೊಂಡಳು. ಕೆಮ್ಮಲಿಲ್ಲ. ಎರಡು, ಮೂರು. ತಿಂಗಳುಗಟ್ಟಲೆ ಊಟವೆಂದರೆ ಹೆದರುತ್ತಿದ್ದ ಮುಖ ಸಡಿಲಾಯಿತು.

"ಒಲೀ ಮ್ಯಾಲಿನ ಸಾರಿನ ವಾಸನಿ ಬರ್ತದ ನೋಡು," ಅಂದಳು. "ನಮ್ಮವ್ವ ಮಾಡ್ತಿದ್ಳು ಹಿಂಗ. ಹೊಗಿ ಹಿಡಿದ ಸಾರು. ಎಷ್ಟು ವರ್ಷ ಆಗಿತ್ತು."

ಅವಳಿಗೂ ಅದೇ ನೆನಪಾಯಿತಲ್ಲ ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಬಟ್ಟಲಿಗೆ ಇನ್ನೆರಡು ಚಮಚ ಹೆಚ್ಚೇ ಸುರಿದೆ. ಆರು ದಿನ ದಿನಕ್ಕೆರಡು ಬಾರಿ ಅದನ್ನೇ ಕೊಟ್ಟೆ. ಅತ್ತೆಯ ಕೆನ್ನೆಗೆ ಬಣ್ಣ ಬಂತು ಎಂದು ಭಾವನೂ ಅಂದರು.

ಏಳನೆಯ ದಿನ ಪೂಜಾ ಕಾಲೇಜಿನ ಹಾಸ್ಟೆಲಿನಿಂದ ಬಂದಳು. ಅವಳೂ ನರ್ಸಿಂಗ್ ಓದುತ್ತಾಳೆ, ಕಾಕಾನಂತೆ ಹೋಗಬೇಕೆಂದು ಸಂಜೆ ಜರ್ಮನ್ ಕ್ಲಾಸಿಗೂ ಹೋಗುತ್ತಾಳೆ. ಅಡುಗೆಮನೆಯಲ್ಲಿ ನಾನು, ಮಹಾನಂದಕ್ಕ ಇಬ್ಬರೇ. ಕೊನೆಯ ಡಬ್ಬಿ ಇನ್ನೂ ಒಡೆದಿರಲಿಲ್ಲ.

"ಕಾಕಿ, ಕೊಡ್ರಿ ಇಲ್ಲಿ, ಓದ್ತೇನಿ. ನನಗ ಎಷ್ಟು ಬರ್ತದ ನೋಡ್ರಿ." ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು ಶಾಲೆಯ ಮಗುವಿನಂತೆ ಗಟ್ಟಿಯಾಗಿ ಓದಿದಳು. "ಲಿನ್ಸನ್, ಅಂದ್ರ ಬ್ಯಾಳಿ. ವಾಸರ್, ನೀರು. ಝಾಲ್ತ್ಸ್, ಉಪ್ಪು. ಶ್ವೈನ..." ಬೆರಳು ನಿಂತಿತು.

"ಮುಂದ?" ಅಂದಳು ಮಹಾನಂದಕ್ಕ.

"ತಡಿ ಅವ್ವಾ." ಫೋನು ತೆಗೆದು ಅಕ್ಷರದ ಫೋಟೋ ಹೊಡೆದು ನೋಡಿದಳು. ನನ್ನ ಮುಖ ನೋಡಲಿಲ್ಲ. "ಕಾಕಿ, ಇದರಾಗ ಹಂದೀದು ಕೊಬ್ಬು ಅದ. ಹೊಗಿ ಹಿಡಿಸಿದ್ದು."

"ಹಸಿರು ಗುರ್ತು ಅದನಲ್ಲ ಪೂಜಾ," ಅಂದೆ. ನನ್ನ ದನಿ ಬೇರೆ ಯಾರದೋ ಎನ್ನಿಸಿತು. "ನೋಡಿಲ್ಲಿ, ಹಸಿರು."

"ಅದು ಒಳಗಿನ ಮಾಲಿಗಲ್ರಿ ಕಾಕಿ. ತಗಡಿಗಿ. ಖಾಲಿ ಡಬ್ಬಿ ಕೂಡಿಸಿ ಕರಗಿಸ್ಲಿಕ್ಕ ಕಂಪನಿ ರೊಕ್ಕ ಕಟ್ಟ್ಯದ ಅಂತ ಗುರ್ತು. ನಮ್ಮ ಸರ್ ಹೇಳಿದ್ರು."

ತಗಡಿಗೆ. ಏಳು ತಿಂಗಳು ನಾನು ಕೈಮುಗಿದದ್ದು ಕಸದ ಗುರುತಿಗೆ. ಒಲೆಯ ಹೊಗೆ, ತವರಿನ ನೆನಪು, ಅತ್ತೆಯ ತಾಯಿಯ ಸಾರು ಎಂದೆಲ್ಲ ಕಣ್ಣು ಮುಚ್ಚಿದ್ದು ಹಂದಿಯ ಕೊಬ್ಬಿಗೆ. ಬಚ್ಚಲಿಗೆ ಓಡಿ ಹೋಗಿ ವಾಂತಿ ಮಾಡಿದೆ. ಬಂದಾಗ ಮಹಾನಂದಕ್ಕ ಆ ಡಬ್ಬಿಯನ್ನು ಬಟ್ಟೆಯಲ್ಲಿ ಹಿಡಿದು ಹಿತ್ತಲಿಗೆ ಒಯ್ಯುತ್ತಿದ್ದಳು. ಬೈಯಲಿಲ್ಲ. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಇವರಿಗೆ ಫೋನು ಹಚ್ಚಿದೆ. ಹೇಳಿದೆ.

"ನಿಮಗ ಓದ್ಲಿಕ್ಕ ಬರ್ತಿತ್ತಲ್ರಿ," ಅಂದೆ.

"ಬರ್ತಿತ್ತು."

"ಮತ್ತ?"

"ಓದ್ಲಿಲ್ಲ. ಮೊದಲನೇ ವರ್ಷ ನಾ ಒಬ್ಬನೇ ಇದ್ದೆ ಸುವರ್ಣಾ, ಹನ್ನೆರಡು ತಾಸು ನಿಂತು ಬರ್ತಿದ್ದೆ. ಓದಿದ್ರ ಉಪವಾಸ ಇರ್ಬೇಕಾಗ್ತಿತ್ತು."

"ನಾ ಬಂದ್ಮ್ಯಾಲ?"

"ಆಮ್ಯಾಲ ಓದ್ಲಿಕ್ಕ ಅಂಜಿಕಿ ಆಯ್ತು."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನಗೆ ಸುಳ್ಳು ಹೇಳಿದವರಲ್ಲ. ಇದೂ ಸುಳ್ಳಲ್ಲವಂತೆ. ನಾನು ಫೋನು ಇಟ್ಟೆ.

ಈಗ ಉಳಿದದ್ದು ಒಂದೇ ಮಾತು, ಅತ್ತೆಗೆ ಹೇಳಬೇಕೋ ಬೇಡವೋ. ಆರು ದಿನ ಅವಳು ಅದನ್ನು ಲಿಂಗಕ್ಕೆ ತೋರಿಸಿ ಪ್ರಸಾದವೆಂದು ತೆಗೆದುಕೊಂಡಿದ್ದಳು. ಮರುದಿನ ಭಾಲ್ಕಿಗೆ, ತವರಿಗೆ ಹೋದೆ. ಅವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎಲ್ಲ ಕೇಳಿದಳು, ಸುಲಿಯುವುದು ನಿಲ್ಲಿಸಲಿಲ್ಲ.

"ಹೇಳಬ್ಯಾಡ. ಮುದುಕಿ ಹೊಟ್ಟಿಗಿ ಹೋದದ್ದು ಹೋಯ್ತು. ತಿಳಿಯದೆ ಆದದ್ದು ಶಿವಗ ತಿಳೀತದ."

"ಶಿವಗ ತಿಳೀತದವ್ವಾ. ಅತ್ತಿಗಿ?"

"ಅತ್ತಿಗಿ ತಿಳಿದು ಏನಾಗ್ಬೇಕಾಗ್ಯದ? ನಿನ್ನ ಹೊಟ್ಟ್ಯಾಗಿನ ಬೆಂಕಿ ಆಕಿ ಹೊಟ್ಟ್ಯಾಗ ಹಾಕ್ತಿ, ಅಷ್ಟೇ."

"ಮುಚ್ಚಿಟ್ಟು ನಾಳೆ ಆಕಿ ಬಾಯಿಗಿ ಹ್ಯಾಂಗ ಚಮಚಾ ಇಡ್ಲಿ?"

ಅವ್ವ ಸುಲಿಯುವುದು ನಿಲ್ಲಿಸಿದಳು. ಹೊರಡುವಾಗ ಒಂದು ಮುಷ್ಟಿ ಶೇಂಗಾ ನನ್ನ ಸೆರಗಿಗೆ ಹಾಕಿದಳು. ನಾನು ಚಿಕ್ಕಂದಿನಲ್ಲಿ ಅತ್ತರೆ ಹೀಗೇ ಮಾಡುತ್ತಿದ್ದಳು. ಅವ್ವನ ಮಾತು ಕೇಳಿದ್ದರೆ ಈ ಹೊತ್ತು ಎಲ್ಲ ಮೊದಲಿನಂತೆಯೇ ಇರುತ್ತಿತ್ತು ಎಂದು ನನಗೆ ಗೊತ್ತು. ಹೊರಗಿನಿಂದ ನೋಡಿದರೆ.

ಮರುದಿನ ಬೆಳಿಗ್ಗೆ ಅತ್ತೆಯ ಪೂಜೆ ಮುಗಿಯುವ ತನಕ ಕಾದು, ಹತ್ತಿರ ಕೂತು ಹೇಳಿದೆ. ಯಾವ ಮಾತನ್ನೂ ಉಳಿಸಿಕೊಳ್ಳಲಿಲ್ಲ. ಅವಳ ಅಂಗೈಯಲ್ಲಿ ಲಿಂಗ ಇನ್ನೂ ಇತ್ತು. ಅದನ್ನೇ ನೋಡುತ್ತ ಕೇಳಿದಳು.

"ಎಷ್ಟು ದಿನ ಉಂಡೆ ನಾ?"

"ಆರು ದಿನ್ರಿ ಅತ್ತಿ."

"ನೀ?"

"ಏಳು ತಿಂಗಳ್ರಿ."

"ಅವ?"

"ಎರಡು ವರ್ಷ ಆಗ್ಲಿಕ್ಕ ಬಂತ್ರಿ."

ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಹಾಕಿಕೊಂಡಳು. "ನನ್ನ ಆರು ದಿನದ್ದು ನಾ ಹ್ಯಾಂಗರೆ ನೋಡ್ಕೋತೇನಿ," ಅಂದಳು. "ಅವನ ಎರಡು ವರ್ಷದ್ದು ಯಾರು ನೋಡ್ಕೋಬೇಕು?"

ಅವಳ ಕಾಲು ಮುಟ್ಟಿದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಅದನ್ನು ಸುಳ್ಳು ಹೇಳಲಾರೆ, ಇಟ್ಟಳು. "ಹೇಳಿದಿ, ಛಲೋ ಮಾಡಿದಿ. ಹೇಳದೆ ಇದ್ದಿದ್ರ ನಂಗ ಒಂದಿನ ತಿಳೀತಿತ್ತು, ಆವಾಗ ನಿನ್ನ ಮಾರಿ ನೋಡ್ತಿದ್ದಿಲ್ಲ." ನನಗೆ ಜೀವ ಬಂದಂತಾಯಿತು.

ಮಧ್ಯಾಹ್ನ ನಾನೇ ತೊಗರಿಬೇಳೆ ಬೇಯಿಸಿ, ನುಣ್ಣಗೆ ಮಾಡಿ, ಜೀರಿಗೆ ಹಾಕಿ, ಬಟ್ಟಲಲ್ಲಿ ತಂದೆ. ಚಮಚ ಅವಳ ಬಾಯಿಯ ಹತ್ತಿರ ಒಯ್ದೆ. ಅವಳ ತುಟಿ ತೆರೆಯಲಿಲ್ಲ.

"ಇಡವ್ವಾ, ಆರ್ಲಿ."

ಆರಿತು. ಆಮೇಲೆ ಮಹಾನಂದಕ್ಕ ಬೇರೆ ಮಾಡಿ ತಂದಳು, ಅದನ್ನು ಉಂಡಳು. ರಾತ್ರಿಯೂ ಹಾಗೆಯೇ. ಮರುದಿನವೂ. ಮೂರನೆಯ ದಿನ ನಾನೇ ಕೇಳಿಬಿಟ್ಟೆ, "ನನ್ನ ಮ್ಯಾಲ ಸಿಟ್ಟದೇನ್ರಿ ಅತ್ತಿ?"

"ಸಿಟ್ಟಿಲ್ಲ ತಂಗಿ. ಶರಣರ ಆಣಿ, ಸಿಟ್ಟಿಲ್ಲ. ಮನಸ್ಸು ಒಪ್ಪೇದ. ಗಂಟಲು ಒಪ್ಪವಲ್ದು. ನೀ ಚಮಚಾ ತಂದ್ರ ಗಂಟಲು ಹಿಡಕೋತದ. ನಾ ಏನ್ ಮಾಡ್ಲಿ ಹೇಳು."

ಅವಳು ನನಗಾಗಿ ಅಳುತ್ತಿದ್ದಳು. ಅದೇ ಮಹಾ ಕಷ್ಟದ್ದು.

ಆ ವಾರದಲ್ಲೇ ಔರಾದದಿಂದ ನಾದಿನಿಯ ಗಂಡ ಜೀಪು ತಂದು ಅತ್ತೆಯನ್ನು ಕೆಲವು ದಿನ ಮಗಳ ಮನೆಗೆ ಕರೆದೊಯ್ದರು. ಹವಾ ಬದಲಾಗಲಿ ಎಂದರು. ನಾನು ಆ ಮನೆಯಲ್ಲಿರುವ ತನಕ ಅವಳಿಗೆ ಊಟದ ಹೊತ್ತು ಕಷ್ಟ ಎಂಬುದು ಎಲ್ಲರಿಗೂ ತಿಳಿದಿತ್ತು, ಯಾರೂ ಅನ್ನಲಿಲ್ಲ. ನಾನು ಮರಳುವ ಹಿಂದಿನ ದಿನ ಹೋಳಿಗೆ ಮಾಡಿದೆ. ಕಡಲೆಬೇಳೆ ಬೆಂದ ಮೇಲೆ ಬಸಿದ ನೀರಿಗೆ ನಾವು ಕಟ್ಟು ಅನ್ನುತ್ತೇವೆ. ಆ ಕಟ್ಟಿಗೆ ಸುಟ್ಟ ಕೊಬ್ಬರಿ, ಬೆಳ್ಳುಳ್ಳಿ, ಹುಣಸೆಹುಳಿ, ತುಸು ಬೆಲ್ಲ ಹಾಕಿ, ಒಂದು ಹಿಡಿ ಹೂರಣವನ್ನೇ ಅರೆದು ಕಲಸಿ ಮಂದ ಮಾಡಿದ ಸಾರು. ಉಕ್ಕಿನ ಡಬ್ಬಿಗೆ ತುಂಬಿ, ಬಟ್ಟೆ ಕಟ್ಟಿ, ನೌಬಾದದ ಹತ್ತಿರ ಬಸ್ಸು ಹಿಡಿದು ಔರಾದಕ್ಕೆ ಹೋದೆ. ಡಬ್ಬಿ ತೊಡೆಯ ಮೇಲೆ ಬೆಚ್ಚಗಿತ್ತು. ಈ ಡಬ್ಬಿಯ ಮೇಲೆ ಯಾವ ಗುರುತೂ ಇರಲಿಲ್ಲ. ನಮ್ಮ ಮದುವೆಯಲ್ಲಿ ಕೊಟ್ಟದ್ದು, ಇವರ ಹೆಸರು ಕೊರೆದದ್ದು.

ಅತ್ತೆ ಪಡಸಾಲೆಯಲ್ಲಿ ಕೂತಿದ್ದಳು. ಮುಚ್ಚಳ ತೆಗೆದೆ. ವಾಸನೆಗೆ ಅವಳ ಮೂಗು ಅರಳಿತು, ನಾನು ಕಂಡೆ. ನನ್ನ ಕೈ ಹಿಡಿದು ಹತ್ತಿರ ಕೂಡಿಸಿಕೊಂಡಳು. ಇವರ ಕೆಲಸ, ಅಲ್ಲಿಯ ಚಳಿ, ನನ್ನ ಮೊಣಕಾಲು ನೋವು, ಎಲ್ಲ ಕೇಳಿದಳು. ಮಗನಿಗೆ ಹೇಳು, ಇನ್ನು ಮೇಲೆ ಓದಿ ಉಣ್ಣು ಅಂತ ಹೇಳು ಎಂದಳು. ಸಾರು ಪಕ್ಕದಲ್ಲಿತ್ತು.

"ಜರಾ ತಗೋರಿ ಅತ್ತಿ. ಬ್ಯಾಳಿ ನಾನೇ ಆರಿಸೇನಿ."

"ಇಡವ್ವಾ," ಅಂದಳು. "ಆರ್ಲಿ."

ಬಸ್ಸಿನ ಹೊತ್ತಾಯಿತು. ನಾನು ಎದ್ದಾಗ ಸಾರಿನ ಮೇಲೆ ಪದರ ಕಟ್ಟಿತ್ತು. ತಣ್ಣಗಾದರೆ ಅದೂ ಗಟ್ಟಿಯಾಗುತ್ತದೆ. ತುಸು ಹೊತ್ತು ಬಿಟ್ಟರೆ ಅದೂ ನಿಲ್ಲುತ್ತಿತ್ತೋ ಏನೋ.

ಮರಳಿ ಬಂದು ಈಗ ಎರಡನೆಯ ಚಳಿಗಾಲ. ನಮ್ಮ ಮನೆಯಲ್ಲಿ ಡಬ್ಬಿಯ ಸೂಪು ಇಲ್ಲ. ಇಲ್ಲಿಯೂ ಶಾಕಾಹಾರಕ್ಕೆ ಬೇರೆಯೇ ಗುರುತು ಇದೆ ಎಂದು ಈಗ ಕಲಿತಿದ್ದೇನೆ, ಎಲೆಯಂಥದ್ದು. ಇವರು ಅಂಗಡಿಯಲ್ಲಿ ಪ್ರತಿ ಸಾಮಾನಿನ ಬೆನ್ನು ತಿರುಗಿಸಿ ಗಟ್ಟಿಯಾಗಿ ಓದಿ ಹೇಳುತ್ತಾರೆ. ನಾನು ಕೇಳಿಸಿಕೊಂಡು, ಅವರು ಆಚೆ ಹೋದ ಮೇಲೆ ಫೋನಿನಲ್ಲಿ ಇನ್ನೊಮ್ಮೆ ನೋಡುತ್ತೇನೆ. ಅವರಿಗೆ ಅದು ಗೊತ್ತು. ನನ್ನ ಗಂಟಲೂ ಒಪ್ಪುವುದಿಲ್ಲ, ಏನು ಮಾಡಲಿ.

ಹಾಗಾಗಿ ಮೈಲೂರಿನ ಅಕ್ಕತಂಗಿಯರೇ, ಕೊಳ್ಳಬೇಕೋ ಬೇಡವೋ ಎಂದು ಕೇಳಿದಿರಲ್ಲ. ಮೈ ಹುಷಾರಿಲ್ಲದವರು, ಒಬ್ಬರೇ ಇರುವವರು ಕೊಂಡರೆ ನಾನು ತಪ್ಪೆನ್ನುವುದಿಲ್ಲ. ನಾಲ್ಕು ನಿಮಿಷದಲ್ಲಿ ಹೊಟ್ಟೆ ಬೆಚ್ಚಗಾಗುತ್ತದೆ, ಅದು ಸಣ್ಣ ಮಾತಲ್ಲ. ನಿಮ್ಮಲ್ಲಿ ಹಸಿರು ಚುಕ್ಕಿಯಾದರೂ ಶಾಕಾಹಾರದ್ದೇ. ಆದರೆ ಅರ್ಧ ತಾಸು ಒಲೆಯ ಮುಂದೆ ನಿಲ್ಲುವ ಶಕ್ತಿ ಇದ್ದವರು ಬೇಳೆ ಬೇಯಿಸಿರಿ. ರುಚಿಯ ಮಾತು ಆಮೇಲಿನದು. ನಾವು ಮಾಡಿದ ಸಾರಿನಲ್ಲಿ ಏನಿದೆ ಎಂದು ಕೇಳಿದರೆ, ಯಾರನ್ನೂ ಕೇಳದೆ ನಾವೇ ಹೇಳಬಹುದು. ಅಷ್ಟೇ ಅದರ ಹೆಚ್ಚಳ. ಅಷ್ಟಕ್ಕೆ ನಾನು ತೆತ್ತದ್ದು ನಿಮಗೆ ಬಾರದಿರಲಿ.

ಒಗ್ಗರಣೆಗೆ ಈಗ ಕಿಟಕಿ ತೆರೆದು, ಬಾಣಲೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಚಳಿಯಲ್ಲಿ ನಡುಗುತ್ತ ಸಾಸಿವೆ ಸಿಡಿಸುತ್ತೇನೆ. ಬಿಳಿ ಬಟ್ಟಲು ಕೂಗುವುದಿಲ್ಲ. ಅದು ನನ್ನ ಒಂದು ಗೆಲುವು. ಒಮ್ಮೆ ಆ ವಾಸನೆಗೆ ಕೆಳಗಿನ ಫ್ರೌ ಕ್ರೂಗರ್ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದಳು. ಬೈಯುತ್ತಾಳೆಂದು ಹೆದರಿ, ಒಂದು ಉಕ್ಕಿನ ಡಬ್ಬಿಯಲ್ಲಿ ಕಟ್ಟಿನ ಸಾರು ಒಯ್ದುಕೊಟ್ಟೆ. ಬಾಗಿಲಲ್ಲೇ ನಿಂತು ಆಕೆ ಕೇಳಿದಳು, "ವಾಸ್ ಇಸ್ಟ್ ದಾ ದ್ರಿನ್?" ಇದರೊಳಗೆ ಏನಿದೆ ಎಂದು ಅರ್ಥ. ಮೊದಲ ವಾರ ಒದ್ದೆ ಟವೆಲು ಹಿಡಿದು ಕೇಳಿದ್ದೂ ಇದೇ ಇರಬೇಕು. ನಾನು ಬೆರಳು ಮಡಿಸುತ್ತ ಒಂದೊಂದಾಗಿ ಹೇಳಿದೆ. ಹುಣಸೆಹಣ್ಣಿಗೆ ಶಬ್ದ ಗೊತ್ತಿರಲಿಲ್ಲ, ಹುಳಿ ಎಂದು ಮುಖ ಕಿವಿಚಿ ತೋರಿಸಿದೆ. ಆಕೆ ನಕ್ಕು, ಅಲ್ಲೇ ಒಂದು ಚಮಚ ಕುಡಿದಳು. ಮರುದಿನ ಡಬ್ಬಿ ತೊಳೆದು, ಒರೆಸಿ, ಬಾಗಿಲ ಮುಂದೆ ಇಟ್ಟಿದ್ದಳು. ಈಗ ವಾರಕ್ಕೊಮ್ಮೆ ಒಯ್ಯುತ್ತೇನೆ. ಪ್ರತಿ ಸಲವೂ ಕೇಳುತ್ತಾಳೆ, ಪ್ರತಿ ಸಲವೂ ಹೇಳುತ್ತೇನೆ, ಆಮೇಲೆ ಉಣ್ಣುತ್ತಾಳೆ.

ಅತ್ತೆ ಮೈಲೂರಿಗೆ ಮರಳಿದ್ದಾಳೆ. ರವಿವಾರ ಫೋನು ಮಾಡುತ್ತೇನೆ. "ಉಂಡ್ಯಾ?" ಅನ್ನುತ್ತಾಳೆ. ಉಂಡೇನ್ರಿ ಅನ್ನುತ್ತೇನೆ. ಏನುಂಡಿ ಎಂದು ಅವಳೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅವಳ ಮುಂದೆ ಬಟ್ಟಲು ಇಡುವವಳೇ ನಾನು, ಅದನ್ನು ಬಿಡುವುದು ನನ್ನಿಂದಾಗದು. ಕಟ್ಟಿನ ಸಾರು ಇಳಿಸುವಾಗ ಈಗಲೂ ನಮ್ಮಿಬ್ಬರ ಅಳತೆಗೆ ಮೇಲೆ ಎರಡು ಪಾಲು ಹೆಚ್ಚೇ ಮಾಡುತ್ತೇನೆ. ಒಂದು ಪಾಲು ಕೆಳಗಿನ ಮನೆಗೆ ಹೋಗುತ್ತದೆ. ಇನ್ನೊಂದು ಪಾಲು ಒಲೆಯ ಪಕ್ಕ ಇರುತ್ತದೆ, ಆರುತ್ತದೆ.